ಮಗಳನ್ನು ಪಾದ್ರಿಗಳ ಕಾಲೇಜಿಗೆ ಯಾಕೆ ಹಾಕಿದಿರಿ?

ಮಾಟುಂಗದ ಮೈಸೂರು ಅಸೋಸಿಯೇಷನ್ನಿನ ಕಾರ್ಯಕ್ರಮವಿರಲಿ, ಡೊಂಬಿವಲಿಯ ನೆರೆಮನೆಯ ಸತ್ಯನಾರಾಯಣ ಪೂಜೆಯಿರಲಿ, ಊಟಕ್ಕೆ ಕುಳಿತು ಸಾರು ಬರುವಷ್ಟರಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: “ಯುನಿವರ್ಸಿಟಿ ಬಿಟ್ಟು ಮಗಳನ್ನು ಪಾದ್ರಿಗಳ ಕಾಲೇಜಿಗೆ ಯಾಕೆ ಹಾಕಿದಿರಿ?” ಕುಂದಾಪುರದಿಂದ ಚಿಕ್ಕಮ್ಮ ಫೋನಿನಲ್ಲಿ ಕೇಳುವಾಗ ದನಿ ಇನ್ನಷ್ಟು ತಗ್ಗುತ್ತದೆ. “ಅಲ್ಲಿ ಒತ್ತಾಯ ಗಿತ್ತಾಯ ಏನೂ ಇಲ್ಲವಲ್ಲ?” ಸ್ವತಃ ಚಿಕ್ಕಮ್ಮ ಹತ್ತನೆಯ ತರಗತಿಯವರೆಗೆ ಕಲಿತದ್ದು ಸಿಸ್ಟರುಗಳ ಶಾಲೆಯಲ್ಲಿ. ಅದನ್ನು ನೆನಪಿಸಿದರೆ, “ಆ ಕಾಲ ಬೇರೆ” ಎನ್ನುತ್ತಾರೆ.

ನಿಜ ಹೇಳಬೇಕೆಂದರೆ ಯುನಿವರ್ಸಿಟಿಯನ್ನು ನಾವು ಬಿಟ್ಟೇ ಇಲ್ಲ. ಮುಂಬಯಿಯಲ್ಲಿ ಬಿ.ಎ. ಓದುವವರು ಸಾಮಾನ್ಯವಾಗಿ ವಿಶ್ವವಿದ್ಯಾಲಯಕ್ಕೆ ಸೇರಿದ ಯಾವುದಾದರೂ ಕಾಲೇಜಿಗೇ ಹೋಗುತ್ತಾರೆ. ಮಗಳು ಓದುತ್ತಿರುವ ಸೇಂಟ್ ಝೇವಿಯರ್ಸ್ ಕಾಲೇಜನ್ನು ಜೆಸ್ವಿತ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿಗಳು 1869ರಲ್ಲಿ ಕಟ್ಟಿದರು. 2010ರಿಂದ ಅದಕ್ಕೆ ಸ್ವಾಯತ್ತತೆ ಇದೆ, ಪಠ್ಯಕ್ರಮವೂ ಪರೀಕ್ಷೆಯೂ ಅದರವೇ. ಆದರೂ ಪದವಿ ಕೊಡುವುದು ಮುಂಬಯಿ ವಿಶ್ವವಿದ್ಯಾಲಯ. ಆ ವಿಶ್ವವಿದ್ಯಾಲಯ ಹುಟ್ಟಿದ್ದು 1857ರಲ್ಲಿ. ಚೌಪಾಟಿಯ ವಿಲ್ಸನ್ ಕಾಲೇಜಿನ ಮೂಲವನ್ನು ಸ್ಕಾಟ್ಲೆಂಡಿನ ಮಿಶನರಿ ಜಾನ್ ವಿಲ್ಸನ್ ನೆಟ್ಟದ್ದು ಅದಕ್ಕೂ 25 ವರ್ಷ ಮೊದಲು. ಈ ಊರಿನ ಓದಿನ ಕಥೆಯಿಂದ ಪಾದ್ರಿಗಳನ್ನು ಹೊರಗಿಡಲು ಹೊರಟರೆ ಬಹಳಷ್ಟು ಪುಟಗಳನ್ನೇ ಹರಿಯಬೇಕಾದೀತು.

ಒತ್ತಾಯದ ಮಾತಿಗೆ ನನ್ನ ಉತ್ತರ ಚಿಕ್ಕದು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಯಾವ ಸಂಸ್ಥೆಯೂ ಒಪ್ಪಿಗೆಯಿಲ್ಲದೆ ಯಾರನ್ನೂ ಧರ್ಮಬೋಧನೆಗೋ ಪ್ರಾರ್ಥನೆಗೋ ಕೂರಿಸುವಂತಿಲ್ಲ ಎಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಮಗಳು ಕಾಲೇಜಿನ ಚಾಪೆಲ್ಲಿಗೆ ಹೋದದ್ದುಂಟು, ಪರೀಕ್ಷೆಯ ದಿನ, ಒಳಗೆ ತಂಪಾಗಿರುತ್ತದೆ ಎಂದು. ಅದೇ ವಾರ ನಾನು ಆನೆಗುಡ್ಡೆ ಗಣಪತಿಗೆ ಹರಕೆ ಹೇಳಿಕೊಂಡಿದ್ದೆ. ಅಂಕ ಯಾರ ದಯೆಯಿಂದ ಬಂತೋ, ಇಬ್ಬರೂ ಜಗಳವಾಡಿಲ್ಲ.

ಹಾಗಾದರೆ ಅಲ್ಲಿಗೇ ಯಾಕೆ? ಅವಳಿಗೆ ಇತಿಹಾಸ ಬೇಕಿತ್ತು. ಅಲ್ಲಿ ಹೆರಾಸ್ ಸಂಸ್ಥೆ ಇದೆ. ಹೆನ್ರಿ ಹೆರಾಸ್ ಸ್ಪೇನಿನ ಜೆಸ್ವಿತ್ ಪಾದ್ರಿ. 1922ರಲ್ಲಿ ಮುಂಬಯಿಗೆ ಬಂದು, 1926ರಲ್ಲಿ ಈ ಸಂಶೋಧನಾ ಸಂಸ್ಥೆಯನ್ನು ಆರಂಭಿಸಿದರು. ಸಿಂಧೂ ಲಿಪಿಯ ಹಿಂದೆ ದ್ರಾವಿಡ ಭಾಷೆ ಇದೆ ಎಂದು ವಾದಿಸಿದವರು. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆ: ಅವರು ವಿಜಯನಗರದ ಆರಂಭದ ಬಗ್ಗೆಯೂ ಕೊನೆಯ ಅರವೀಡು ಅರಸರ ಬಗ್ಗೆಯೂ ಗ್ರಂಥಗಳನ್ನು ಬರೆದಿದ್ದಾರೆ. ಹಂಪಿಯನ್ನು ನಾವು ಶಾಲಾ ಪ್ರವಾಸದಲ್ಲಿ ಕಲ್ಲಿನ ರಥದ ಮುಂದೆ ಫೋಟೊ ತೆಗೆಸಿಕೊಂಡು ಮುಗಿಸಿದವರು. ತಾಳೀಕೋಟೆಯ ಆಚೆಗೂ ಆ ರಾಜ್ಯ ಹಲವು ದಶಕ ಉಸಿರಾಡಿತ್ತೆಂದು ನನಗೆ ಹೇಳಿದ್ದು ಕಾಲೇಜಿರುವ ಧೋಬಿತಲಾವಿನಲ್ಲಿ ಓದಿ ರಾತ್ರಿ ಎಂಟಕ್ಕೆ ಲೋಕಲ್ ರೈಲಿನಿಂದ ಇಳಿದ ಮಗಳು.

ಇನ್ನೊಂದು ಕಾರಣವನ್ನು ಪೂಜೆಯ ಪಂಕ್ತಿಯಲ್ಲಿ ಹೇಳಲಾಗುವುದಿಲ್ಲ. ಅಪ್ಪ ಹದಿಮೂರನೆಯ ವಯಸ್ಸಿಗೆ ಊರು ಬಿಟ್ಟು ಅದೇ ಧೋಬಿತಲಾವಿನ ಹೋಟೆಲೊಂದರಲ್ಲಿ ಮೇಜು ಒರೆಸುವ ಕೆಲಸಕ್ಕೆ ಸೇರಿದರು. ಸಂಜೆಯಾದರೆ ಫೋರ್ಟಿನ ಕನ್ನಡ ರಾತ್ರಿಶಾಲೆ. ಆ ಕಾಲೇಜಿನ ಹುಡುಗರಿಗೆ ಎಷ್ಟೋ ವರ್ಷ ಚಹಾ ಕೊಟ್ಟವರು ಗೇಟಿನೊಳಗೆ ಕಾಲಿಟ್ಟಿರಲಿಲ್ಲ. ಮೊಮ್ಮಗಳು ಕರೆದುಕೊಂಡು ಹೋದ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಕಮಾನುಗಳನ್ನು ನೋಡಲಿಲ್ಲ. ಕ್ಯಾಂಟೀನ್ ಎಲ್ಲಿ ಎಂದು ಕೇಳಿದರಂತೆ.

ಎಲ್ಲವೂ ಸಿಹಿಯೆಂದು ನಾನು ಹೇಳುವುದಿಲ್ಲ. ಅರ್ಜಿ ಹಾಕಿದ್ದ ಇನ್ನೊಂದು ಕ್ರೈಸ್ತ ಕಾಲೇಜಿನಲ್ಲಿ ಅವಳಿಗೆ ಸೀಟು ಸಿಗಲಿಲ್ಲ, ಅವಳಿಗಿಂತ ಕಡಿಮೆ ಅಂಕದ ಗೆಳತಿಗೆ ಸಮುದಾಯದ ಪಟ್ಟಿಯಲ್ಲಿ ಸಿಕ್ಕಿತು. ಅನುದಾನಿತ ಅಲ್ಪಸಂಖ್ಯಾತ ಕಾಲೇಜು ತನ್ನವರಿಗೆ ಶೇ. 50ರವರೆಗೆ ಸೀಟು ಕೊಡಬಹುದೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿತ್ತು. ನ್ಯಾಯ ಅರ್ಥವಾಗುತ್ತದೆ, ಆದರೂ ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಈಗ ಅವಳದು ಕೊನೆಯ ವರ್ಷ. ಎಂ.ಎ.ಗೆ ಕಲೀನಾದಲ್ಲಿರುವ ಮುಂಬಯಿ ಯುನಿವರ್ಸಿಟಿಗೇ ಹೋಗುತ್ತೇನೆ ಎನ್ನುತ್ತಿದ್ದಾಳೆ. “ಅಷ್ಟು ಒಳ್ಳೆಯ ಕಾಲೇಜು ಬಿಟ್ಟು ಅಲ್ಲಿಗೆ ಯಾಕೆ?” ಎಂದು ಚಿಕ್ಕಮ್ಮ ಮೊನ್ನೆಯೇ ಕೇಳಿಯಾಯಿತು.