ಅಗ್ಗದ ರಾಡ್, ಉಪ್ಪು ನೀರು

ಫ್ಲೋರಿಡಾದ ಟ್ಯಾಂಪಾ ಕೊಲ್ಲಿಯಲ್ಲಿ ರೆಡ್‌ಫಿಶ್ ಮೀನು ಹಿಡಿಯೋಕೆ ಅಂತ ಕಡಿಮೆ ಬೆಲೆಯ ಫ್ಲೈ ರಾಡ್ (ಹಗುರವಾದ ನಕಲಿ ಹುಳವನ್ನು ಲೈನ್ ಅಂದರೆ ದಾರದ ಭಾರದಿಂದಲೇ ಬೀಸಿ ಎಸೆಯುವ ಗಾಳದ ಕೋಲು) ಕೊಂಡೆ. 9 ಅಡಿ, 8 ವೇಯ್ಟ್ (ಎಷ್ಟು ಭಾರದ ಲೈನಿಗೆ ಹೊಂದುತ್ತದೆ ಎನ್ನುವ ಅಂಕೆ), ಜೋಡಿಸುವ 4 ತುಂಡು. 40 ಅಡಿ ದೂರಕ್ಕೆ ಸಲೀಸಾಗಿ ಬೀಸಬಹುದು. ಎದುರುಗಾಳಿ ಬಂದರೆ ಮಾತ್ರ ತುದಿ ಜಾಸ್ತಿ ಅಲುಗಾಡುತ್ತದೆ, ಬೀಸಿದಾಗ ಲೈನ್ ಮಡಚಿಕೊಂಡು ಆಗುವ ಲೂಪ್ ಅಗಲವಾಗಿ ಗಾಳಿಗೆ ಸಿಗುತ್ತದೆ. ದುಬಾರಿ ರಾಡ್‌ಗೆ ಕೊಡುವ ದುಡ್ಡೆಲ್ಲ ಇದಕ್ಕೇ ಅಲ್ವಾ, ತುದಿ ಬೇಗ ನಿಲ್ಲಲಿ ಅಂತ.

ನನಗೆ ಉಪ್ಪಿನದೇ ಚಿಂತೆ. ಲೈನ್ ಹಾಯುವ ಉಂಗುರಗಳ ಬುಡ, ಲೈನ್ ಸುತ್ತುವ ರೀಲ್ ಕೂರಿಸುವ ತಿರುಪು, ಹಾಳಾಗಲು ಶುರುವಾಗುವುದು ಅಲ್ಲೇ. ಮನೆಗೆ ಬಂದ ತಕ್ಷಣ ರೀಲ್ ಬಿಚ್ಚಿ, ಸಿಹಿನೀರಲ್ಲಿ ತೊಳೆದು, ಒಣಗಿಸಿಯೇ ಒಳಗಿಡುತ್ತೇನೆ. (ನಮ್ಮ ಕಾರಿಗೂ ಇಷ್ಟು ಸ್ನಾನ ಇಲ್ಲ!) ಅಗ್ಗದ ವಸ್ತುವನ್ನೇ ನಾವು ಜಾಸ್ತಿ ಜೋಪಾನ ಮಾಡುತ್ತೇವೇನೋ.

ಉಳಿದ ದುಡ್ಡಲ್ಲಿ ಒಳ್ಳೆಯ ಟ್ರಾಪಿಕಲ್ ಲೈನ್ (ಬಿಸಿ ಹವೆಗೆಂದೇ ಮಾಡಿದ್ದು) ಕೊಂಡೆ. ತಣ್ಣೀರಿಗೆ ಮಾಡಿದ ಲೈನ್ ಇಲ್ಲಿನ ಸೆಕೆಗೆ ಮೆತ್ತಗಾಗಿ ಉಂಗುರಕ್ಕೆ ಅಂಟುತ್ತದೆ.