ಮಿಕ್ಕ ದಿರ್ಹಮ್, ರಿಯಾಲ್ ಏನು ಮಾಡೋದು?

ಗಲ್ಫ್‌ನಿಂದ ಊರಿಗೆ ಬಂದವರ ಪರ್ಸಿನಲ್ಲಿ ನಾಲ್ಕೈದು ನೋಟು, ಒಂದು ಮುಷ್ಟಿ ಚಿಲ್ಲರೆ ಉಳಿದೇ ಉಳಿಯುತ್ತದೆ. ನಾಣ್ಯಗಳನ್ನು ಮನಿ ಚೇಂಜರ್‌ಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹಾಗಾಗಿ ವಿಮಾನ ಹತ್ತುವ ಮುನ್ನ ಅಲ್ಲೇ ಚಹಾಕ್ಕೆ ನಾಣ್ಯ ಸುರಿದು, ಕಡಿಮೆ ಬಿದ್ದದ್ದನ್ನು ಕಾರ್ಡಿನಲ್ಲಿ ಕೊಡಿ.

ನೋಟುಗಳನ್ನು ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದ ಕೂಡಲೇ ಬದಲಿಸುವ ಅವಸರ ಬೇಡ. ಪೇಟೆಯಲ್ಲಿ ಎರಡು ಕಡೆ ವಿಚಾರಿಸಿ. ಬೋರ್ಡಿನಲ್ಲಿ ನೋಡಬೇಕಾದದ್ದು ಅವರು ಕೊಳ್ಳುವ ದರ, ಮಾರುವ ದರವಲ್ಲ. "ಎಲ್ಲಾ ಕಳೆದು ಕೈಗೆ ಎಷ್ಟು ಸಿಗ್ತದೆ?" ಎಂದೇ ಕೇಳಿ. 25,000 ರೂಪಾಯಿವರೆಗಿನ ವಹಿವಾಟಿಗೆ ಜಿಎಸ್‌ಟಿ ಸಾಮಾನ್ಯವಾಗಿ 45 ರೂಪಾಯಿ (ತೆರಿಗೆಗೆ ಲೆಕ್ಕ ಹಿಡಿಯುವ ಕನಿಷ್ಠ ಮೌಲ್ಯ 250 ರೂಪಾಯಿ, ಅದರ ಶೇ. 18). 100 ದಿರ್ಹಮ್‌ಗೂ ಅಷ್ಟೇ, 500ಕ್ಕೂ ಅಷ್ಟೇ. ಮೂರು ಸಲ ಚೂರುಚೂರು ಬದಲಿಸಿದರೆ 135 ಹೋಯಿತು. ಪಾಸ್‌ಪೋರ್ಟ್ ಒಯ್ಯಿರಿ, ರಸೀದಿ ಬಿಡಬೇಡಿ.

ಹರಿದ, ಪೆನ್ನಿನಲ್ಲಿ ಗೀಚಿದ ನೋಟಿಗೆ ದರ ಇಳಿಸುತ್ತಾರೆ, ಇಲ್ಲವೇ ವಾಪಸ್ ಕೊಡುತ್ತಾರೆ. ಕಪಾಟಿನಲ್ಲಿ ವರ್ಷಗಟ್ಟಲೆ ಇಡುವುದೂ ಅಪಾಯವೇ: ಕುವೈತ್‌ನ ಐದನೇ ಸರಣಿಯ ನೋಟುಗಳನ್ನು ಬದಲಿಸಿಕೊಳ್ಳುವ ಗಡುವು 2014ರಲ್ಲಿ ಹೊಸ ಸರಣಿ ಬಂದ ಎಷ್ಟೋ ವರ್ಷಗಳ ನಂತರ, 2025ರ ಏಪ್ರಿಲ್‌ನಲ್ಲಿ ಮುಗಿದೇ ಹೋಯಿತು.

ಪ್ರವಾಸ ಮುಗಿಸಿ ಮರಳಿದ ಇಲ್ಲಿನ ನಿವಾಸಿಗಳು 2,000 ಡಾಲರ್ ಮೌಲ್ಯದವರೆಗಿನ ನೋಟು ಮುಂದಿನ ಪ್ರಯಾಣಕ್ಕೆಂದು ಇಟ್ಟುಕೊಳ್ಳಬಹುದು. ಅದಕ್ಕಿಂತ ಹೆಚ್ಚಿದ್ದರೆ ಮರಳಿದ 180 ದಿನದೊಳಗೆ ಬ್ಯಾಂಕ್ ಅಥವಾ ಅಧಿಕೃತ ಮನಿ ಚೇಂಜರ್‌ಗೆ ಒಪ್ಪಿಸಬೇಕು. ನಾಣ್ಯಕ್ಕೆ ಮಿತಿಯೇ ಇಲ್ಲ, ಮಕ್ಕಳ ಡಬ್ಬಿಯಲ್ಲಿ ಇರಲಿ ಬಿಡಿ.