ಐದೂವರೆಗೆ ಮುಂಚಿನ ಹಾಲು

ನಮ್ಮೂರ ಹಾಲಿನ ಸೊಸೈಟಿಯ ಲೆಕ್ಕವನ್ನು ಲುಕರ್ ಸ್ಟುಡಿಯೋಗೆ (ಅಂಕಿಗಳನ್ನು ಗ್ರಾಫ್ ಮಾಡಿ ತೋರಿಸುವ ಗೂಗಲ್‌ನ ತಂತ್ರಾಂಶ) ಜೋಡಿಸಿ ಒಂದು ವಾರವಾಯಿತು. ಯಾರು, ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಷ್ಟು ಹೊತ್ತಿಗೆ ತಂದರು, ಎಲ್ಲವೂ ಕ್ಲೌಡ್‌ನಲ್ಲಿರುವ (ಇಂಟರ್ನೆಟ್ ಮೂಲಕ ಸಿಗುವ) ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್‌ನಲ್ಲಿದೆ. ತಿಂಗಳ ಮೊತ್ತ ನೋಡಿದರೆ ಎಲ್ಲ ಸರಿಯಿದ್ದಂತೆ ಕಂಡಿತು. ಗಂಟೆವಾರು ಗ್ರಾಫ್ ಬಿಡಿಸಿದಾಗ ಮಾತ್ರ ಎದೆ ಧಸಕ್ಕೆಂದಿತು: ನಡುರಾತ್ರಿ ಹನ್ನೆರಡಕ್ಕೆ ಹಾಲು ಅಳೆದಂತೆ ಒಂದು ಎತ್ತರದ ಕಂಬ!

ಕಾರಣ ಹುಡುಕಲು ಎರಡು ಸಂಜೆ ಹಿಡಿಯಿತು. ಡೇಟಾಬೇಸ್ ಸಮಯವನ್ನು ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ, ಬರೆದಿಡುತ್ತಿತ್ತು. ನಮ್ಮ ಗಡಿಯಾರ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ; ನಮ್ಮ ಬೆಳಗಿನ ಐದೂವರೆ ಅದಕ್ಕೆ ನಡುರಾತ್ರಿ ಹನ್ನೆರಡು. ಹಾಗಾಗಿ ಬೆಳಗ್ಗೆ ಐದೂವರೆಗೆ ಮುಂಚೆ ಬಂದ ಹಾಲೆಲ್ಲ ಹಿಂದಿನ ದಿನದ ಖಾತೆಗೆ ಸೇರುತ್ತಿತ್ತು. ಒಂದನೇ ತಾರೀಖಾದರೆ ಹಿಂದಿನ ತಿಂಗಳಿಗೆ. ಅಷ್ಟು ಬೇಗ ಬರುವವರು ಯಾರು? ದೂರದ ತೋಟದ ಮನೆಗಳಿಂದ ಟಾರ್ಚ್ ಹಿಡಿದು, ಕ್ಯಾನ್ ಹೊತ್ತು ನಡೆದು ಬರುವವರು. ಅವರ ದುಡಿಮೆಯ ದಿನವೇ ತಪ್ಪಾಗಿ ದಾಖಲಾಗುತ್ತಿತ್ತಲ್ಲ ಎಂದು ತುಂಬಾ ನೋವಾಯಿತು.

1973ರಲ್ಲಿ ಫ್ರಾನ್ಸಿಸ್ ಆನ್ಸ್‌ಕೂಂಬ್ ಎಂಬ ಸಂಖ್ಯಾಶಾಸ್ತ್ರಜ್ಞರು ನಾಲ್ಕು ಅಂಕಿಪಟ್ಟಿಗಳನ್ನು ಪ್ರಕಟಿಸಿದರು. ನಾಲ್ಕರ ಸರಾಸರಿಯೂ ಒಂದೇ, ಚಿತ್ರ ಬಿಡಿಸಿದರೆ ನಾಲ್ಕೂ ಬೇರೆ ಬೇರೆ. ಕಾಲೇಜಿನಲ್ಲಿ ಅದನ್ನು ಪರೀಕ್ಷೆಗೆಂದು ಓದಿದ್ದೆ. ಈ ಕಂಬದ ಮುಂದೆ ಕುಳಿತಾಗ ಮೊದಲ ಬಾರಿಗೆ ಮನಸ್ಸಿಗೆ ಇಳಿಯಿತು.

ಡೇಟಾಬೇಸ್‌ನಿಂದ ಅಂಕಿ ಕೇಳುವ ಆದೇಶದಲ್ಲಿ (ಕ್ವೆರಿ) ಸಮಯವಲಯ ಬದಲಿಸುವ ಒಂದೇ ಸಾಲು ಸೇರಿಸಿದೆ. ಕಂಬ ಸರಿದು ಬೆಳಗಿನ ಜಾಗಕ್ಕೆ ಬಂದು ನಿಂತಿತು. ನಾಳೆ ಕಾರ್ಯದರ್ಶಿಗಳ ಜೊತೆ ಕುಳಿತು, ಅವರ ಕೈಬರಹದ ಪುಸ್ತಕದ ಪಕ್ಕದಲ್ಲಿಟ್ಟು ಒಂದೊಂದೇ ದಿನವನ್ನು ತಾಳೆ ನೋಡಬೇಕು.